ಹತ್ತು ದಿನದ ಪಥ್ಯ

ಸಂಕ್ರಾಂತಿ ಕಳೆದ ಮೂರನೇ ದಿನ
ಬಾಬಾಜಾನ್ ಟಿವಿಎಸ್ಸಿನ ಹಿಂದೆ ರಟ್ಟಿನ ಡಬ್ಬ ಕಟ್ಟಿಕೊಂಡು
ಶಿಡ್ಲಘಟ್ಟದ ನಮ್ಮ ಓಣಿಗೆ ಬಂದ.
ತೂತುಗಳಿಂದ ಸದ್ದು ಮಾತ್ರ ಹೊರಗೆ,
ಹೆಸರುಕಾಳು ಕುದಿಯುವ ಹಾಗೆ.
ಗಿರಿರಾಜ, ಒಂದು ದಿನದ ಮರಿ, ಇಪ್ಪತ್ತು.
ಎಣಿಸಿ ಕೊಟ್ಟ, ಎಣಿಸಿ ಇಸ್ಕೊಂಡೆ,
ಕೊಸರಿಗೆ ಒಂದು ಕುಂಟು ಮರಿ ಸೇರಿಸಿದ.

ಮಂಕರಿ ಕವುಚಿ, ಒಳಗೊಂದು ಅರವತ್ತರ ಬಲ್ಬು.
ರಾತ್ರಿ ಎರಡಕ್ಕೆ ಕರೆಂಟು ಹೋಯಿತು.
ಬಿಸಿನೀರಿನ ಬಾಟಲಿಗೆ ಹಳೇ ರವಿಕೆ ಸುತ್ತಿ ನಡುವೆ ಇಟ್ಟೆ;
ಅದೇ ತಾಯಿ ಅಂತ ಯಾರೋ ಹೇಳಿಕೊಟ್ಟ ಹಾಗೆ
ಇಪ್ಪತ್ತೊಂದೂ ಆತುಕೊಂಡವು.
ಬೆಳಗ್ಗೆ ಹತ್ತೊಂಬತ್ತು.
ಕುಂಟ ಇದ್ದ.

ನಾನು ಅನ್ಸರ್ ಸಾಬರ ಫಿಲೇಚರಿನಲ್ಲಿ
ಹದಿನಾಲ್ಕು ವರ್ಷದಿಂದ ಗೂಡು ಬಿಚ್ಚುವವಳು.
ಸುಡುವ ನೀರಲ್ಲಿ ಬೆರಳಾಡಿಸಿ ಎಳೆಯ ತುದಿ ಹುಡುಕಬೇಕು.
ಎಳೆ ರಾಟೆಗೆ, ರಾಟೆಯದು ಮಾರ್ಕೆಟ್ಟಿಗೆ,
ಮಾರ್ಕೆಟ್ಟಿಂದ ಯಾರ್ಯಾರದೋ ಧಾರೆಗೆ.
ತೊಟ್ಟಿಯ ತಳದಲ್ಲಿ ಉಳಿಯುವುದು ಹುಳ:
ಬೆಂದದ್ದು, ಬೆತ್ತಲಾದದ್ದು, ಕಡಲೆಕಾಯಿ ಬೀಜದಷ್ಟು.
ಸಂಜೆ ಒಂದು ಬಕೆಟ್ಟು ತಗೊಂಡು ಹೋಗಮ್ಮ ಅಂತಾರೆ ಸಾಬರು.

ತಾರಸಿ ಮೇಲೆ ಒಣಗಿಸಿ, ಕುಟ್ಟಿ,
ನಾಲ್ಕು ಪಾವು ಜೋಳದ ನುಚ್ಚಿಗೆ ಒಂದು ಪಾವು ಬೆರೆಸಿದರೆ
ಕೋಳಿ ನೋಡನೋಡುತ್ತ ಏರುತ್ತೆ.
ಫೀಡಿನ ಮೂಟೆಯ ರೇಟು ಅಂಗಡಿಯಲ್ಲಿ ಕೇಳಿದ್ದೇನೆ.
ಕೇಳಿ, ವೀಳ್ಯದೆಲೆ ತಗೊಂಡು ಬಂದಿದ್ದೇನೆ.

ಹೋದ ವರ್ಷ ಕೊನೇ ದಿನದವರೆಗೂ ಹುಳವನ್ನೇ ಹಾಕಿದ್ದೆ.
ಹೊಸತೊಡಕಿಗೆ ಜಂಗಮಕೋಟೆಯಿಂದ ನಾದಿನಿ ಮುನಿರತ್ನ ಬಂದಳು.
ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟವಳು
ನುಂಗಲಿಲ್ಲ, ಉಗಿಯಲಿಲ್ಲ,
ಹಾಗೇ ಎದ್ದು ಹಿತ್ತಿಲಿಗೆ ಹೋದಳು.
ಬಾಯಿ ಮುಕ್ಕಳಿಸಿ,
"ಹುಳದ ವಾಸ್ನೆ, ಅತ್ತಿಗೆ."
ಮೆಲ್ಲಗೇ ಅಂದಳು. ಅದೇ ಕಷ್ಟ.
ಸಾರಿಗೆ ಅಂದಳೋ ನನಗೆ ಅಂದಳೋ,
ಕೇಳೋಕೆ ಹೋಗಲಿಲ್ಲ.

ಈ ಸಲ ಪಕ್ಕದ ಮನೆ ಪಿಳ್ಳವೆಂಕಟಮ್ಮ ಗುಟ್ಟು ಹೇಳಿದಳು:
ಕೊಯ್ಯೋ ಹತ್ತು ದಿನ ಮೊದಲೇ ಹುಳ ನಿಲ್ಲಿಸು.
ಬರೀ ರಾಗಿ, ನುಚ್ಚು, ಒಂದು ಹಿಡಿ ನುಗ್ಗೆಸೊಪ್ಪು.
ಮಾಂಸ ತಾನೇ ಮರೆಯುತ್ತೆ.

ನಿಲ್ಲಿಸಿದೆ.
ಮೊದಲ ಸಂಜೆ ಬರಿಗೈಲಿ ಬಂದರೆ
ರಾಗಿ ಚೆಲ್ಲಿದ್ದನ್ನು ಬಿಟ್ಟು
ನನ್ನ ಬೆರಳು ಕುಟುಕಿದವು, ಒಂದೊಂದಾಗಿ, ಗುರುತು ಹಿಡಿದವರ ಹಾಗೆ.
ಸೀಗೆಪುಡಿ ಹಚ್ಚಿ ಉಜ್ಜಿದ್ದೇನೆ ಈ ಕೈಯನ್ನ,
ನಿಂಬೆಸಿಪ್ಪೆ, ಸೀಮೆಎಣ್ಣೆ, ಒಮ್ಮೆ ಮಗನ ಸೆಂಟು.
ಅವಕ್ಕೆ ಹತ್ತು ದಿನ ರಜೆ.
ನನಗೆ ಭಾನುವಾರ ಒಂದು.

ತೂಕಕ್ಕೆ ತಕ್ಕಡಿ ಬೇಡ, ರೆಕ್ಕೆಯ ಬುಡ ಹಿಡಿದರೆ ತಿಳಿಯುತ್ತೆ.
ಕುಂಟನೇ ಎಲ್ಲರಿಗಿಂತ ಭಾರ.
ಓಡಲಿಲ್ಲ, ಜಗಳವಾಡಲಿಲ್ಲ,
ತಟ್ಟೆಯ ಪಕ್ಕ ಕೂತು ಎರಡು ತಿಂಗಳು ತಿಂದ.
ಹಿಂದಿನ ರಾತ್ರಿ ಮಂಕರಿಯೊಳಗೆ ಬರೀ ನೀರಿಟ್ಟೆ.
ಬೆಳಗ್ಗೆ ಅವನೇ ಮೊದಲು.

ಪುಕ್ಕ ತರಿದು, ಅರಿಶಿನ ಹಚ್ಚಿ, ಸುಟ್ಟು,
ಕಂದನಕಾಯಿ ಸೀಳಿದರೆ
ಹರಳು, ಹಸಿರು ಬಳೆಯ ಚೂರು,
ಅವುಗಳ ಸುತ್ತ ಗಂಟುಬಿದ್ದ ಒಂದು ಎಳೆ.
ಹತ್ತು ದಿನ ರಾಗಿ ಅರೆದ ಕಲ್ಲು ಅದನ್ನು ಅರೆದಿರಲಿಲ್ಲ.
ಚೊಂಬಿನ ನೀರಲ್ಲಿ ಜಾಲಾಡಿದೆ, ಬೆಳ್ಳಗೆ ಹೊಳೆಯಿತು.
ಕೈ ತನ್ನಷ್ಟಕ್ಕೆ ತುದಿ ಹುಡುಕಿತು,
ಸಿಕ್ಕಿತು, ಎಳೆದೆ,
ಮೊಳದುದ್ದ ಬಂತು.

ಮುನಿರತ್ನ ಎರಡನೇ ಮುದ್ದೆ ಹಾಕಿಸಿಕೊಂಡಳು.
ಮೂಳೆ ಚೀಪಿ, ಬೆರಳು ನೆಕ್ಕಿ,
"ಏನ್ ಹಾಕಿ ಸಾಕ್ದೆ ಅತ್ತಿಗೆ?"
ಬಡಿಸುವ ಕೈಗೆ ಸೆರಗು ಸುತ್ತಿಕೊಂಡು
"ರಾಗಿ" ಅಂದೆ.
ಹಿತ್ತಿಲಲ್ಲಿ, ಉಳಿದವು,
ಖಾಲಿ ಬಕೆಟ್ಟನ್ನು ಕುಟುಕುತ್ತಿದ್ದವು, ಟಣ್, ಟಣ್.